ಅಕ್ಕೋರು ಕಟ್ಟಿಟ್ಟ ಎಳೆಗಳು

ಕಪಾಟಿನ ಕೆಳಗಿನ ಖಾನೆಯಿಂದ ಆ ಪ್ಲಾಸ್ಟಿಕ್ ಚೀಲವನ್ನು ಎಳೆದಾಗ ಮೊದಲು ಮೂಗಿಗೆ ಬಂದದ್ದು ಬೂದಿಯ ವಾಸನೆ. ಕಬ್ಬಿನ ಸಿಪ್ಪೆ ಉರಿಸಿದ ಬೂದಿ ಅದು, ಅದರಲ್ಲಿ ಎಲ್ಲೋ ಸುಟ್ಟ ಬೆಲ್ಲದ ಘಾಟು ಉಳಿದಿರುತ್ತದೆ. ಅದರ ಹಿಂದೆಯೇ ನೂಲಿನದು, ಗಂಜಿಯದು... ನಾನು ಹುಡುಕುತ್ತಿದ್ದುದು ಹಳೆಯ ಅರ್ಜಿಯ ಕಡತವನ್ನು. ನಾಲ್ಕಾರು ಕಾಲೇಜುಗಳು ಕೂಡಿ ನಡೆಸುವ ವಿಜ್ಞಾನ ಸಂಶೋಧನಾ ಕೇಂದ್ರಗಳಿಗೆ ಅನುದಾನ ಕೊಡುತ್ತೇವೆಂದು ಸರ್ಕಾರ ಈ ವರ್ಷ ಮತ್ತೆ ಅರ್ಜಿ ಕರೆದಿದೆ. ಹಳೆಯದನ್ನು ನೋಡಿಕೊಂಡು ಹೊಸದನ್ನು ತುಂಬೋಣವೆಂದು ಕಪಾಟು ತೆಗೆದಿದ್ದೆ. ಕಡತ ಸಿಗಲಿಲ್ಲ, ಚೀಲ ಸಿಕ್ಕಿತು. ವರ್ಷದಿಂದ ಅದನ್ನು ಬಿಚ್ಚದೆ ಇಟ್ಟಿದ್ದೆ.

ಚೀಲ ಅಕ್ಕೋರದು. ಬನಹಟ್ಟಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮೊದಲು ಹೈಸ್ಕೂಲಿನಲ್ಲಿದ್ದವರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಕಾಲೇಜಿಗೆ ಬಂದ ಮೇಲೆ ಅವರು ಮೇಡಂ ಆಗಬೇಕಿತ್ತು, ಆಗಲಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರನ ತನಕ ಎಲ್ಲರಿಗೂ ಅಕ್ಕೋರೇ. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಅದೇ ವಿಷಯ ಕಲಿಸುವವನು. ಅವರಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ಹೆಸರಿನ ಹಿಂದೆ ಡಾಕ್ಟರ್ ಹಚ್ಚಿಕೊಂಡವನು. ಅವರ ಹೆಸರಿನ ಹಿಂದೆ ಏನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನಗಳಲ್ಲಿ ನಾನು ಇದನ್ನು ದಿನಕ್ಕೆರಡು ಸಲವಾದರೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದಕ್ಕಿಂತ ಮರ್ಯಾದೆಯ ಪದವೊಂದನ್ನು ಹುಡುಕಿ ನೋಡಿದೆ, ಸಿಗಲಿಲ್ಲ.

ಅದು ಶುರುವಾದದ್ದು ಬೂದಿಯಿಂದ. ಸಕ್ಕರೆ ಕಾರ್ಖಾನೆಯ ಬಾಯ್ಲರಿನಿಂದ ಬರುವ ಬೂದಿಯ ಮೇಲೆ ಬಣ್ಣದ ನೀರು ಹಾಯಿಸಿದರೆ ಬೂದಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ನೀರು ತಿಳಿಯಾಗಿ ಇಳಿಯುತ್ತದೆ. ನಮ್ಮ ಕಡೆ ಇವೆರಡಕ್ಕೂ ಬರವಿಲ್ಲ. ಮುಧೋಳ, ಬೀಳಗಿಯ ಕಡೆ ಬೂದಿಯ ಗುಡ್ಡೆಗಳು. ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆಗಳು, ಆ ಮನೆಗಳ ಮುಂದೆ ಒಂದು ದಿನ ಕೆಂಪಾಗಿ, ಒಂದು ದಿನ ಹಸಿರಾಗಿ ಹರಿಯುವ ಗಟಾರು. ಇದರ ಮೇಲೆ ಕೆಲಸ ಮಾಡಬೇಕೆಂಬ ವಿಚಾರ ನನ್ನದು. ಇದನ್ನೂ ಒತ್ತಿ ಹೇಳುತ್ತೇನೆ, ವಿಚಾರ ನನ್ನದೇ. ಕಾಲೇಜಿನ ಮುದ್ರೆ ಹಾಕಿದ ಪತ್ರ ಹಿಡಿದುಕೊಂಡು ಬೀಳಗಿ ಕಡೆಯ ಒಂದು ಕಾರ್ಖಾನೆಗೆ ಹೋಗಿದ್ದೆ. ಗೇಟಿನಲ್ಲಿ ಎರಡು ತಾಸು ಕೂರಿಸಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ ಎಂದರು. ಆ ನಾಳೆ ನಾಲ್ಕು ಸಲ ಬಂತು. ಬಣ್ಣದ ಮನೆಗಳವರಂತೂ ನನ್ನ ಕೈಯಲ್ಲಿಯ ಗಾಜಿನ ಬಾಟಲಿ ನೋಡಿ, ಯಾವುದೋ ಇಲಾಖೆಯವನು ಬಂದನೆಂದು ಬಾಗಿಲು ಎಳೆದುಕೊಂಡರು.

ಯಾರೋ ಹೇಳಿದರು, ಅಕ್ಕೋರನ್ನು ಕೇಳಿರಿ ಎಂದು. ಕೇಳಿದೆ. ಅವರು ಸ್ಟಾಫ್ ರೂಮಿನಲ್ಲಿ ಕೂತಲ್ಲಿಂದಲೇ ಫೋನ್ ಹಚ್ಚಿದರು.

"ಏನಪಾ, ಆರಾಮ ಅದಿಯಿಲ್ಲೋ? ನಮ್ಮ ಸರ್‌ಗ ಎರಡ ಚೀಲ ಬೂದಿ ಬೇಕಂತ. ನಾಳಿ ನಮ್ಮ ಕಡೆ ಯಾವದರ ಗಾಡಿ ಬಂದ್ರ ಹಾಕಿ ಕಳಸ."

ಆ ಕಡೆಯವನು ಕಾರ್ಖಾನೆಯ ಕೆಮಿಸ್ಟ್, ಹೈಸ್ಕೂಲಿನಲ್ಲಿ ಅವರ ಕೈಯಲ್ಲಿ ಕಲಿತವನು. ಮರುದಿನ ಮಧ್ಯಾಹ್ನ ಎರಡರ ಬದಲು ನಾಲ್ಕು ಚೀಲ ಬಂದು ಬಿದ್ದವು. ಬಣ್ಣದ ನೀರಿಗೂ ಹಾಗೆಯೇ. ಅಕ್ಕೋರ ತವರೇ ಬಣ್ಣ ಹಾಕುವ ಮನೆತನ. ಅವರು ಓಣಿಯಲ್ಲಿ ಹೊಂಟರೆ ಹೆಂಗಸರು ತಾವಾಗಿ ಕರೆದು, "ಅಕ್ಕೋರ, ಇವತ್ತ ನಮ್ಮಲ್ಲಿ ಕಡುಗೆಂಪ ಐತ್ರಿ, ಒಯ್ತೀರೇನ್ರಿ?" ಎಂದು ಕೇಳುತ್ತಿದ್ದರು. ನಾನು ಹಿಂದೆ ಬಾಟಲಿ ಹಿಡಿದು ನಿಂತಿರುತ್ತಿದ್ದೆ. ನಾಲ್ಕು ತಿಂಗಳಲ್ಲಿ ಆಗದ ನನ್ನ ಕೆಲಸ ಒಂದೇ ವಾರದಲ್ಲಿ ಆಯಿತು. ಖುಷಿಪಡಬೇಕಿತ್ತು. ನನಗೆ ಎರಡು ದಿನ ಊಟ ರುಚಿಸಲಿಲ್ಲ.

ಅಕ್ಕೋರಿಗೆ ಒಂದು ರೂಢಿಯಿತ್ತು. ಬಣ್ಣ ಹಾಕುವ ಮನೆಗಳಲ್ಲಿ ಪ್ರತಿ ಸಲದ ಬಣ್ಣದಿಂದ ಒಂದು ಎಳೆಯನ್ನು ತೆಗೆದು ಗಂಟು ಹಾಕಿ ಇಡುತ್ತಾರೆ, ಮುಂದಿನ ಸಲ ಅದೇ ಬಣ್ಣ ಕೂಡಿಬರಲಿ ಎಂದು. ಅವರು ಅದನ್ನೇ ನಮ್ಮ ಕೆಲಸಕ್ಕೆ ತಂದರು. ಶನಿವಾರ ಬಣ್ಣದ ನೀರು ತುಂಬಿಕೊಂಡ ಕೂಡಲೇ ಒಂದು ಬಿಳಿ ನೂಲನ್ನು ಅದರಲ್ಲಿ ಅದ್ದುವುದು, ಅದೇ ನೀರನ್ನು ಬೂದಿಯ ಮೇಲೆ ಹಾಯಿಸಿ ಇನ್ನೊಂದು ನೂಲನ್ನು ಅದ್ದುವುದು, ಎರಡನ್ನೂ ಒಣಗಿಸಿ ಜೋಡಿ ಗಂಟು ಹಾಕಿ, ರಟ್ಟಿನ ಚೂರಿನ ಮೇಲೆ ತಾರೀಖು ಬರೆದು ದಾರಕ್ಕೆ ಕಟ್ಟುವುದು. ನಾನು ನಕ್ಕಿದ್ದೆ. ನನ್ನ ಲ್ಯಾಬಿನಲ್ಲಿ ಬಣ್ಣ ಅಳೆಯುವ ಯಂತ್ರವಿತ್ತು. ಎಷ್ಟು ಬಣ್ಣ ಉಳಿದಿದೆ ಎಂಬುದನ್ನು ದಶಾಂಶದ ಮುಂದೆ ಮೂರು ಅಂಕಿಯ ತನಕ ಹೇಳುತ್ತಿತ್ತು. ಅವರು ತುಂಬಿ ಕಳಿಸಿದ ಬಾಟಲಿಗಳು ಶನಿವಾರ ಸಂಜೆಯ ಬಸ್ಸಿಗೆ ಜಮಖಂಡಿಗೆ ಬರುತ್ತಿದ್ದವು. ಭಾನುವಾರ ರಜೆ. ಗೇಟಿನ ಹತ್ತಿರದ ತಗಡಿನ ಕೋಣೆಯಲ್ಲಿ ಬಿಸಿಲು ಕಾಯುತ್ತ ಕೂತಿರುತ್ತಿದ್ದವು, ನಾನು ಸೋಮವಾರ ಅಳೆಯುತ್ತಿದ್ದೆ.

"ಅವತ್ತಿನ ಬಣ್ಣ ಅವತ್ತ ನೋಡಬೇಕ್ರಿ ಸರ್," ಎಂದಿದ್ದರು ಒಮ್ಮೆ. "ಮರುದಿನ ಅದು ಸುಳ್ಳ ಹೇಳತೈತಿ."

ರಸಾಯನಶಾಸ್ತ್ರದಲ್ಲಿ ಹಾಗೆಲ್ಲ ಇರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಇರುತ್ತದೆ ಎಂಬುದು ನನಗೂ ಗೊತ್ತಿತ್ತು. ಹೇಳಿದವರು ಯಾರು ಎಂಬುದೇ ನನಗೆ ಅಡ್ಡಬಂತು.

ಐದಾರು ವರ್ಷಗಳ ಹಿಂದೆ, ಇದೇ ತರಹದ ಅರ್ಜಿ ಕರೆದಾಗ, ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ನಾಲ್ಕು ಕಾಲೇಜುಗಳು ಕೂಡಿ ಹಾಕೋಣ ಎಂದಾಯಿತು. ಎರಡು ತಿಂಗಳು ಕೂತು ಪ್ರಸ್ತಾವನೆ ಬರೆದವನು ನಾನು. ನಮ್ಮ ಲ್ಯಾಬಿನಲ್ಲಿಯೇ ಸಭೆ ಸೇರಿದೆವು. ಹೆಸರು ಬರೆಯುವ ಪುಟ ಬಂತು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹೆಸರು ಮುಂದೆ ಹಿಂದೆ ಆಯಿತೆಂದು ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟದ್ದಿದೆ, ಹೀಗಾಗಿ ಪಟ್ಟಿಯೆಂದರೆ ಎಲ್ಲರಿಗೂ ಹೆದರಿಕೆ. ಮುಧೋಳದಿಂದ ಬಂದ ಸಸ್ಯಶಾಸ್ತ್ರದ ಸರ್ ತಟ್ಟನೆ, "ಹಿರೇರ ಹೆಸರ ಮೊದಲ ಬರ್ಲಿರಿ, ಅಕ್ಕೋರದ ಹಾಕ್ರಿ," ಎಂದರು. ಎಲ್ಲರೂ ಹೂಂ ಎಂದರು. ಮೊದಲ ಸಾಲಿನಲ್ಲಿ ಬರೆದವರೇ ಮುಖ್ಯ ಸಂಶೋಧಕರಾಗುತ್ತಾರೆ, ಕೇಂದ್ರ ನಡೆಸುವವರು ಅವರೇ ಎಂಬುದು ಅಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ವಯಸ್ಸಿನ ಪ್ರಕಾರ ನನ್ನ ಹೆಸರು ಮೂರನೆಯ ಸಾಲಿಗೆ ಹೋಗಿ ಕೂತಿತು. ಲಗ್ನ ನನ್ನದು, ಪತ್ರಿಕೆಯಲ್ಲಿ ನಾನು ಸೋದರಮಾವನ ಪಕ್ಕದವನು!

ಅದರ ಮೇಲೆ ಅಕ್ಕೋರು ಚೀಲದಿಂದ ಆರೇಳು ಹಾಳೆ ತೆಗೆದರು. ಜೋಡಿ ಎಳೆಗಳನ್ನು ಸಾಲಾಗಿ ಅಂಟಿಸಿಕೊಂಡು ಬಂದಿದ್ದರು. ಎಡಕ್ಕೆ ಕಡುಗೆಂಪು, ಬಲಕ್ಕೆ ಮಾಸಿದ ಗುಲಾಬಿ. ಎಡಕ್ಕೆ ನೀಲಿ, ಬಲಕ್ಕೆ ಹೆಚ್ಚುಕಡಿಮೆ ಬಿಳಿ. ನನ್ನ ಅರವತ್ತು ಪುಟ ಮೇಜಿನ ಮೇಲೆ ಹಾಗೇ ಬಿದ್ದಿದ್ದವು, ಎಲ್ಲರೂ ಆ ಹಾಳೆಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ಎಳೆಗಳನ್ನು ಮುಟ್ಟಿ ಮುಟ್ಟಿ ನೋಡಿದರು.

ಅಕ್ಕೋರು ಮಾತ್ರ ಎದ್ದು ಹೋಗಿ ನನ್ನ ಯಂತ್ರದ ಮುಂದೆ ನಿಂತಿದ್ದರು. ಸೆರಗಿನಿಂದ ಅದರ ಮುಚ್ಚಳದ ಮೇಲಿನ ಧೂಳು ಒರೆಸಿದರು.

"ಇದನ್ನ ನೋಡಿದ್ರ ನನಗ ಹೊಟ್ಟಿಕಿಚ್ಚ ಆಗತೈತ್ರಿ ಸರ್. ಖರೇನ ಹೇಳಾಕತ್ತೇನಿ. ಕೇಂದ್ರ ಎಲ್ಲಿ ಬೇಕಾದ್ರೂ ಆಗ್ಲಿ, ನನಗ ಬ್ಯಾರೇನೂ ಬ್ಯಾಡ. ಇಂಥಾದೊಂದ ಮಶೀನ್ ಬನಹಟ್ಟಿಗೆ ಬರ್ಲಿ, ಅಷ್ಟ. ನಾ ರಿಟಾಯರ್ ಆಗೂದ್ರಾಗ ಒಂದಿನಾರ ಅವತ್ತಿನ ನೀರ ಅವತ್ತ ಅಳದ ನೋಡ್ತೇನಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊಟ್ಟೆಕಿಚ್ಚನ್ನು ಹೀಗೆ ನಾಲ್ಕು ಮಂದಿಯ ಮುಂದೆ ನಗುತ್ತ ಹೇಳಿಬಿಟ್ಟರೆ ಮುಗಿದೇ ಹೋಗುತ್ತದೆ ಎಂದು ಆಗ ತಿಳಿಯಲಿಲ್ಲ. ನನ್ನದನ್ನು ನಾನು ಹೊಟ್ಟೆಯಲ್ಲೇ ಇಟ್ಟುಕೊಂಡು ಮನೆಗೆ ಹೋದೆ.

ನಿಯಮಗಳ ಪುಸ್ತಿಕೆಯನ್ನು ಆ ವಾರ ನಾನು ಓದಿದ ಹಾಗೆ ಯಾರೂ ಓದಿರಲಿಕ್ಕಿಲ್ಲ. ಕೊನೆಗೂ ಸಿಕ್ಕಿತು. ಮುಖ್ಯ ಸಂಶೋಧಕರು ಯೋಜನೆ ಮುಗಿಯುವ ತನಕ ಸೇವೆಯಲ್ಲಿರಬೇಕು. ಅಕ್ಕೋರು ಅದಕ್ಕೂ ಮೊದಲೇ ನಿವೃತ್ತರಾಗುವವರಿದ್ದರು. ಆ ಸಾಲಿನ ಕೆಳಗೆ ಖುಷಿಯಿಂದ ಎರಡೆರಡು ಗೆರೆ ಎಳೆದೆ. ಬಾಯಲ್ಲಿ ಮಾತ್ರ ಬಹಳ ಕೆಡುಕೆನಿಸಿದವನ ದನಿ ಮಾಡಿ ಫೋನಿನಲ್ಲಿ ಹೇಳಿದೆ.

"ಅಯ್ಯ, ಅದಕ್ಯಾಕ ಅಷ್ಟ ಸಂಕೋಚರಿ? ನಿಮ್ಮ ಹೆಸರ ಮೊದಲ ಹಾಕ್ರಿ. ಬರದವ್ರು ನೀವ," ಎಂದರು ಅವರು.

ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದಕ್ಕೂ ನನಗೆ ಸಿಟ್ಟು ಬಂತು. ಜಗಳವಾಡಿ ಗೆದ್ದಿದ್ದರೆ ನನ್ನದು ಅನಿಸುತ್ತಿತ್ತೇನೋ. ಅರ್ಜಿಯನ್ನು ಪೋರ್ಟಲ್ಲಿಗೆ ಏರಿಸುವ ದಿನ ಎಳೆಗಳ ಹಾಳೆಗಳನ್ನು ಬದಿಗೆ ತೆಗೆದಿಟ್ಟೆ. ನೂಲಿನ ಉಬ್ಬಿಗೆ ಸ್ಕ್ಯಾನರಿನ ಮುಚ್ಚಳ ಸರಿಯಾಗಿ ಕೂರುವುದಿಲ್ಲ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಆ ಜಾಗದಲ್ಲಿ ನನ್ನ ಯಂತ್ರದ ಅಂಕಿಗಳ ಕೋಷ್ಟಕ ಹಾಕಿದೆ.

ಅರ್ಜಿ ಮೊದಲ ಸುತ್ತು ದಾಟಿತು. ಕಂಪ್ಯೂಟರಿನ ಮೂಲಕವೇ ಸಂದರ್ಶನ, ಮುಖ್ಯ ಸಂಶೋಧಕರ ಜೊತೆ ಒಬ್ಬ ಸಹ-ಸಂಶೋಧಕರು ಕೂಡಬಹುದು, ಅವರಿಗೆ ಈ ಲಿಂಕ್ ಕಳಿಸಿರಿ ಎಂದು ಪತ್ರ ಬಂತು. ಆ ಒಬ್ಬರು ಅಕ್ಕೋರೇ ಎಂದು ಉಳಿದವರು ಕೇಳದೆಯೇ ಒಪ್ಪಿದ್ದರು. ಅಕ್ಕೋರು ಫೋನ್ ಮಾಡಿ, "ನಾನೂ ಕೂಡಬೇಕೇನ್ರಿ ಸರ್?" ಎಂದರು. "ನೋಡೋಣ್ರಿ, ಬೇಕಾದ್ರ ಅವತ್ತ ಮುಂಜಾನಿ ಲಿಂಕ್ ಕಳಸ್ತೇನಿ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಆ ದಿನ ಮುಂಜಾನೆ ಫೋನ್ ಕೈಯಲ್ಲೇ ಇತ್ತು. ಅವರ ಹೆಸರನ್ನು ತೆರೆದೆ, ಲಿಂಕನ್ನು ಅಂಟಿಸಿದೆ... ಆಮೇಲೆ ಅಳಿಸಿದೆ. ಅವರು ಬಂದರೆ ಎಲ್ಲರೂ ಅವರನ್ನೇ ಕೇಳುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಸಂದರ್ಶನಕ್ಕೆ ಕೂತ ದಿಲ್ಲಿಯ ಪರಿಣತರೂ ಐದು ನಿಮಿಷದಲ್ಲಿ ಅವರನ್ನು ಅಕ್ಕೋರು ಎನ್ನಲು ಶುರು ಮಾಡುತ್ತಿದ್ದರು!

ಸಮಿತಿಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಕೋಷ್ಟಕವನ್ನು ಪರದೆಯ ಮೇಲೆ ತಂದು ಕೇಳಿದ್ದು ಒಂದೇ ಪ್ರಶ್ನೆ. ಇಲ್ಲಿ ಕೆಲವು ವಾರ ಬೂದಿಗೆ ಹಾಯಿಸದ ನೀರಿನಲ್ಲೇ ಬಣ್ಣ ಕಡಿಮೆ ಇದೆಯಲ್ಲ, ಅದು ಹೇಗೆ? ನೀರು ತುಂಬಿದ ದಿನವೇ ನೋಡಿದ ದಾಖಲೆ ನಿಮ್ಮ ಹತ್ತಿರ ಏನಾದರೂ ಇದೆಯೇ?

ತಗಡಿನ ಕೋಣೆಯಲ್ಲಿ ಎರಡು ದಿನ ಕಾದು ಬಣ್ಣ ಮಾಸಿದ ಬಾಟಲಿಗಳು ಕಣ್ಣ ಮುಂದೆ ಬಂದವು. ಆ ದಿನದ ದಾಖಲೆ ಇತ್ತು. ನನ್ನ ಮೇಜಿನ ಖಾನೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕೆಂಪು ನೀಲಿ ಎಳೆಗಳಾಗಿ ಇತ್ತು. ಈಗ ತೆಗೆದು ತೋರಿಸಿದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಕೇಳುತ್ತಾರೆ, ಇದನ್ನು ಮಾಡಿದವರೆಲ್ಲಿ ಎಂದು ಕೇಳುತ್ತಾರೆ. ಇಲ್ಲ ಎಂದುಬಿಟ್ಟೆ.

ತಿಂಗಳ ಮೇಲೆ ಉತ್ತರ ಬಂತು. ಪ್ರಾಥಮಿಕ ಅಂಕಿಗಳು ನಂಬುವಂತಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ನಮ್ಮಂಥ ಊರಿನವರಿಗೆ ಎಲ್ಲಿ ಕೊಡ್ತಾರೆ, ಎಲ್ಲ ದೊಡ್ಡವರ ಪಾಲಿಗೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಅಕ್ಕೋರು ಮಾತ್ರ ಒಮ್ಮೆ ಮೆಲ್ಲಗೆ ಕೇಳಿದರು, ಲಿಂಕ್ ಬರಲಿಲ್ಲವಲ್ಲ ಎಂದು.

"ಕಡಿಗೆ ಒಬ್ರಿಗೇ ಅಂದ್ರು ನೋಡ್ರಿ ಅಕ್ಕೋರ," ಎಂದೆ.

"ಹೌದೇನ್ರಿ..." ಎಂದರು. "ಛಲೋ ಆತ ಬಿಡ್ರಿ. ನನಗೆಲ್ಲಿ ಆ ಇಂಗ್ಲೀಷ್ ಬರತೈತಿ."

ಆಮೇಲೆ ನಾನೇ ಬಾಟಲಿ ತರಿಸುವುದನ್ನು ನಿಲ್ಲಿಸಿದೆ. ಬನಹಟ್ಟಿಯ ಕಡೆ ಹೋಗುವುದೂ ಕಡಿಮೆಯಾಯಿತು. ಅವರು ನಿವೃತ್ತರಾದ ದಿನದ ಸಮಾರಂಭಕ್ಕೆ ಹೋಗಲಿಲ್ಲ, ಪರೀಕ್ಷೆಯ ಕೆಲಸವಿದೆ ಎಂದೆ. ಓಣಿಯ ಹೆಂಗಸರೆಲ್ಲ ಬಂದಿದ್ದರಂತೆ, ಕೂರಲು ಜಾಗ ಸಾಲದೆ ಹೊರಗೆ ನಿಂತಿದ್ದರಂತೆ. ಅದನ್ನು ಕೇಳಿಯೂ ಹೊಟ್ಟೆ ಉರಿಯಿತು ಎಂದರೆ ನೀವು ನಂಬಬೇಕು. ಹೋದ ವರ್ಷ ಸುದ್ದಿ ಬಂತು. ಎರಡು ದಿನದ ಜ್ವರ, ಮೂರನೆಯ ದಿನ ಅಕ್ಕೋರು ಇಲ್ಲ...

ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋಗಿದ್ದೆ. ಅದೇ ಮನೆಯಲ್ಲಿರುವ ಅವರ ತಂಗಿ ಚಹಾ ಕೊಟ್ಟು ಒಳಗಿನಿಂದ ಈ ಚೀಲ ತಂದು ಮುಂದಿಟ್ಟರು. ಸರ್‌ಗೆ ಕೊಡು ಎಂದು ಅಕ್ಕ ಹೇಳಿದ್ದಳು ಎಂದರು. ನಾನು ಹೊರಟು ಚಪ್ಪಲಿ ಮೆಟ್ಟುವಾಗ, ಏನೋ ನೆನಪಾದವರಂತೆ ಹೇಳಿದರು.

"ಅವತ್ತ ನಿಮ್ಮ ದಿಲ್ಲಿಯವ್ರ ಜೋಡಿ ಮಾತಿತ್ತಲ್ರಿ ಸರ್, ಅವತ್ತ ಅಕ್ಕ ಮುಂಜಾನಿಂದ ಛಲೋ ಸೀರಿ ಉಟ್ಗೊಂಡು ಫೋನ್ ಮುಂದ ಕುಂತಿದ್ಲ್ರಿ. ಹೇಳೂದೆಲ್ಲ ಇಂಗ್ಲೀಷಿನಾಗ ಬರ್ಕೊಂಡಿದ್ಲು. ಮಧ್ಯಾಹ್ನ ಮೂರರ ತನಾ ಉಣ್ಣಾಕ ಏಳಲಿಲ್ಲ. ಎದ್ರ ಫೋನ್ ಬರತೈತಂತ."

ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಅಷ್ಟೇ ಮಾಡಿದ್ದು. ಚೀಲ ತಂದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಇವತ್ತು ಬಿಚ್ಚಿದೆ. ಉದ್ದನೆಯ ದಾರ, ಅದರ ತುಂಬ ಜೋಡಿ ಎಳೆಗಳು. ನಾನು ಬಿಟ್ಟ ಮೇಲೂ ಅವರು ಬಿಟ್ಟಿರಲಿಲ್ಲ. ನಿವೃತ್ತಿಯ ಆಚೆಗೂ ಒಂದು ಶನಿವಾರ ತಪ್ಪಿಲ್ಲ. ಕೊನೆಯ ಜೋಡಿ ಜ್ವರ ಬರುವ ಮೊದಲಿನ ವಾರದ್ದು. ಎಲ್ಲ ಶನಿವಾರಗಳ ನಡುವೆ ಒಂದೇ ಒಂದು ಬೇರೆ ದಿನದ್ದಿದೆ, ಅದು ಸಂದರ್ಶನದ ದಿನದ ತಾರೀಖು. ಅವತ್ತಿನ ನೀರನ್ನು ಅವತ್ತೇ ತೋರಿಸಬೇಕೆಂದು ನಸುಕಿನಲ್ಲೇ ಕಟ್ಟಿಟ್ಟುಕೊಂಡಿದ್ದರು. ಎಡಕ್ಕೆ ಕಡುಗೆಂಪು. ಬಲಗಡೆಯ ಎಳೆ ಇನ್ನೂ ಬೆಳ್ಳಗಿದೆ.

ಇಷ್ಟು ವರ್ಷ ಒಬ್ಬರೇ, ಯಂತ್ರವಿಲ್ಲದೆ, ಯಾರೂ ಕೇಳದೆ ಮಾಡಿದ ಕೆಲಸ. ನನ್ನ ಸರ್ವಿಸ್ಸಿನಲ್ಲಿ ಇಷ್ಟು ಶುದ್ಧವಾದ ದಾಖಲೆ ನಾನು ಮಾಡಿಲ್ಲ. ಮೊದಲು ಬಂದದ್ದು ಅಳುವೇ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಮೊದಲು ಬಂದದ್ದು ಹಳೆಯ ಹೊಟ್ಟೆಕಿಚ್ಚೇ. ಅಳು ಅದರ ಹಿಂದೆ ಬಂತು.

ಕಂಪ್ಯೂಟರಿನಲ್ಲಿ ಹೊಸ ಅರ್ಜಿ ತೆರೆದೇ ಇತ್ತು. ಮುಖ್ಯ ಸಂಶೋಧಕರು ಎಂಬ ಜಾಗ ಖಾಲಿ ಇತ್ತು. ಇದು ಸಲ್ಲುವುದಿಲ್ಲ ಎಂದು ಗೊತ್ತಿದ್ದೂ ಅಲ್ಲಿ ಅಕ್ಕೋರ ಹೆಸರು ಬರೆದೆ, ಸುಮ್ಮನೆ ಕಣ್ಣಿನಿಂದ ಒಮ್ಮೆ ನೋಡಬೇಕೆಂದು. ಮುಂದಿನ ಜಾಗ ಮೊಬೈಲ್ ನಂಬರು ಕೇಳಿತು. ನನ್ನ ಫೋನಿನಲ್ಲಿ ಇನ್ನೂ ಇತ್ತು, ಅದನ್ನೂ ಬರೆದೆ. ಒಟಿಪಿ ಕಳಿಸಲಾಗಿದೆ, ಮೂರು ನಿಮಿಷದಲ್ಲಿ ತುಂಬಿರಿ ಎಂದು ಪರದೆ ಹೇಳಿತು. ಎಲ್ಲಿಗೆ ಕಳಿಸಿದೆಯೋ ಎಂದು ನಗು ಬಂತು. ಅಳಿಸಬೇಕೆಂದು ಕೈ ಎತ್ತುವಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅಕ್ಕೋರು ಎಂಬ ಹೆಸರು ಬಂತು. ಎತ್ತಿದೆ.

ಅವರ ತಂಗಿ. ಅಕ್ಕನ ಫೋನನ್ನು ಇನ್ನೂ ಚಾರ್ಜ್ ಮಾಡಿ ಇಟ್ಟಿದ್ದಾರೆ.

"ಸರ್, ಅಕ್ಕನ ಫೋನಿಗೆ ಏನೋ ನಂಬರ್ ಬಂದೈತ್ರಿ. ನನ್ನ ಮಗಳು ಓದಿ ಹೇಳಿದ್ಲು, ಸಂಶೋಧನಾ ಕೇಂದ್ರ ಅಂತ ಬರದಾರಂತ. ನಿಮ್ದ ಇರಬೇಕಂತ ಹಚ್ಚಿದ್ನಿ." ಆಮೇಲೆ ತಡೆದು, ದನಿ ಇಳಿಸಿ ಕೇಳಿದರು. "ಈ ಸಲ ಅಕ್ಕನ್ನ ಕರದಾರೇನ್ರಿ?"

ದಾರದ ಮೇಲಿನ ಗಂಟುಗಳನ್ನು ಒಂದೊಂದಾಗಿ ಬೆರಳಲ್ಲಿ ಸರಿಸುತ್ತ ಕೊನೆಯ ಎಳೆಯ ತನಕ ಹೋದೆ.

"ಹೋದ ಸಲಾನೂ ಕರದಿದ್ರರಿ," ಎಂದೆ. "ಲಿಂಕ್ ನನ್ನ ಹಂತೇಕ ಇತ್ತು. ನಾನ ಕಳಸಲಿಲ್ಲ. ನಿಮ್ಮ ಅಕ್ಕನ್ನ ಕಂಡ್ರ ನನಗ ಹೊಟ್ಟಿಕಿಚ್ಚಿತ್ತ್ರಿ."

ಆ ಕಡೆ ದೂರದಲ್ಲಿ ಮಗ್ಗಗಳ ಸದ್ದು ಮಾತ್ರ ಕೇಳುತ್ತಿತ್ತು. ಫೋನ್ ಇಟ್ಟರೇನೋ ಅಂದುಕೊಂಡೆ. ಇಡಲಿಲ್ಲ.

"ನಂಬರ್ ಹೇಳ್ತೇನಿ, ಬರಕೋರಿ," ಎಂದರು.

ಒಂದೊಂದೇ ಅಂಕಿ ನಿಧಾನವಾಗಿ ಓದಿದರು. ಆರನ್ನೂ ಬರೆದುಕೊಂಡೆ, ಅಕ್ಕೋರ ಕೊನೆಯ ಎಳೆಗೆ ಕಟ್ಟಿದ್ದ ರಟ್ಟಿನ ಹಿಂಬದಿಗೆ. ತಲೆ ಎತ್ತಿ ನೋಡಿದಾಗ, ಅವಧಿ ಮುಗಿದಿದೆ ಎಂದು ಪರದೆಯ ಮೇಲೆ ಬಂದಿತ್ತು.